ಕಿರೀಟದ ಅಸ್ತರ

೨೦೨೩ರ ಡಿಸೆಂಬರ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗೊಳಸಂಗಿಯ ಸೋಮನಿಂಗ ಮಾಸ್ತರರ ಮನೆಯ ಹೊಸ್ತಿಲ ಮೇಲೆ ಅವರ ಮಗಳು ಸುರೇಖಾ ಬಲಗಾಲು ಇಟ್ಟಳು. ಎಂಟು ತಿಂಗಳ ಬಸುರಿ. ಬಸ್ಸಿಳಿದು ನಡೆದು ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವಳ ಸೋದರತ್ತೆ ಲಗಮವ್ವ ಓಡಿ ಬಂದು ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂದ್ರ! ಬಸರಿ ಹೆಂಗಸು ಸತ್ತ ಮನಿ ಹೊಸ್ತಲಾ ದಾಟ್ತಾಳೇನ? ಬುದ್ಧಿ ಎಲ್ಲಿ ಅಡಾ ಇಟ್ಟು ಬಂದಿ?"

"ನಮ್ಮಪ್ಪನ ಮಣ್ಣಿಗೆ ಬರಬ್ಯಾಡ ಅಂದ್ರಿ, ಬರಲಿಲ್ಲ. ಹಾಲು-ತುಪ್ಪಕ್ಕ ಬರಬ್ಯಾಡ ಅಂದ್ರಿ, ಬರಲಿಲ್ಲ. ಹತ್ತು ದಿನಾ ಮುದ್ದೇಬಿಹಾಳದಾಗ ಗ್ವಾಡಿಗೆ ಮಕಾ ಮಾಡಿ ಅತ್ತೇನಿ. ಇವತ್ತ ಯಾಕ ಬರಬಾರದ್ರಿ ಅತ್ತಿ? ಇವತ್ತೇನ ಒಳಗ ಹೆಣಾ ಐತೇನು?"

"ಬಾಯಿ ಮಾಡಬ್ಯಾಡ..."

"ಹೆಣಾ ಇಲ್ಲ. ಕಿರೀಟ ಐತಿ. ಅದಕ್ಕ ಅಡ್ಡ ನಿಂತೀರಿ!"

ಲಗಮವ್ವನ ಕೈಯನ್ನು ಸರಿಸಿ ಅವಳು ಒಳಗೆ ಬಂದಳು. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿದ್ದರು. ಅದರ ಮೇಲೆ ಅಪ್ಪನ ದೊಡ್ಡಾಟದ ಕಿರೀಟ. ಅದರ ಹಿಂದೆ, ಅಪ್ಪ ಕೂರುತ್ತಿದ್ದ ಕುರ್ಚಿಯ ಮೇಲೆ, ಹೊಸ ಧೋತರ ಉಟ್ಟ ಲಗಮವ್ವನ ಮಗ ಕಾಂತು. ಮೇಳದ ಹನ್ನೊಂದು ಜನ ಗೋಡೆಗೆ ಆನಿಕೊಂಡು ಕುಳಿತಿದ್ದರು. ಅವಳನ್ನು ನೋಡಿದ ಕೂಡಲೇ ಹನ್ನೊಂದು ಜನರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡತೊಡಗಿದರು.

ಸೋಮನಿಂಗ ಮಾಸ್ತರರು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ಅದಕ್ಕಿಂತ ಹೆಚ್ಚು ಕಾಲ ಊರಿನ ದೊಡ್ಡಾಟದ ಮೇಳಕ್ಕೆ ಮಾಸ್ತರರಾಗಿದ್ದವರು. ಆ ಮೇಳದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಮಾಸ್ತರ ತೀರಿಕೊಂಡ ಹನ್ನೊಂದನೆಯ ದಿನ, ಹೊತ್ತು ಮುಳುಗುವುದರೊಳಗೆ, ಅವನ ಕಿರೀಟ ಇನ್ನೊಂದು ತಲೆಯ ಮೇಲೆ ಕೂರಬೇಕು. ಯಾರ ತಲೆಯ ಮೇಲೆ ಕೂರುತ್ತದೆಯೋ ಅವರೇ ಮುಂದಿನ ಮಾಸ್ತರ. ಆಮೇಲೆ ಆ ಮಾತಿಗೆ ಎದುರಿಲ್ಲ, ಬದಲಿಲ್ಲ.

ಆ ಕಿರೀಟವೂ ಸಾಮಾನ್ಯದ್ದಲ್ಲ. ಹಗುರವಾದ ಹಾಲವಾಣದ ಕಟ್ಟಿಗೆಯಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂರಿಸಿದ್ದು. ಕೌರವನಿಗೂ ಅದೇ, ರಾವಣನಿಗೂ ಅದೇ, ಇಂಗ್ಲೆಂಡಿನ ಹೆನ್ರಿ ಮಹಾರಾಜನಿಗೂ ಅದೇ. ಹೆನ್ರಿ ಮಹಾರಾಜ ಗೊಳಸಂಗಿಗೆ ಹೇಗೆ ಬಂದ ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಹದಿನೇಳು ವರ್ಷಗಳ ಹಿಂದೆ ಮಾಸ್ತರರ ಒಬ್ಬನೇ ಮಗ, ಹತ್ತೊಂಬತ್ತರ ಹುಡುಗ, ಕೊಲ್ಹಾರದ ಕಡೆ ಆಟ ಮುಗಿಸಿ ಬರುವಾಗ ಕೃಷ್ಣೆಯ ಹಿನ್ನೀರಿನಲ್ಲಿ ತೆಪ್ಪ ಮಗುಚಿ ತೀರಿಕೊಂಡ. ಕಿರೀಟದ ಪೆಟ್ಟಿಗೆ ತೇಲಿ ದಂಡೆಗೆ ಬಂತು. ಮಗ ಮೂರನೆಯ ದಿನ ಸಿಕ್ಕ... ಮುಂದೊಂದು ದಿನ ಮಾಸ್ತರರು ಇತಿಹಾಸದ ಪುಸ್ತಕ ಓದುತ್ತ ಒಂದು ಪುಟದಲ್ಲಿ ನಿಂತುಬಿಟ್ಟರು. ಇಂಗ್ಲೆಂಡಿನ ಮೊದಲನೆಯ ಹೆನ್ರಿ. ಅವನ ಮಗನೂ ಹಡಗು ಮುಳುಗಿ ಸತ್ತವನು. ಉಳಿದವಳು ಮಗಳು ಮಟಿಲ್ಡಾ. ನನ್ನ ನಂತರ ಇವಳೇ ಎಂದು ಹೆನ್ರಿ ತನ್ನ ಸರದಾರರಿಂದ ಒಂದಲ್ಲ, ಎರಡು ಸಲ ಆಣೆ ಮಾಡಿಸಿದ. ೧೧೩೫ರ ಡಿಸೆಂಬರ್ ಒಂದರಂದು ಅವನು ಸತ್ತಾಗ ಮಗಳು ದೂರದ ಗಂಡನ ನಾಡಿನಲ್ಲಿದ್ದಳು, ಬಸುರಿಯಾಗಿದ್ದಳು. ಹೆನ್ರಿಯ ಅಕ್ಕನ ಮಗ ಸ್ಟೀಫನ್ ಸಮುದ್ರ ದಾಟಿ ಹೋಗಿ ಮೂರು ವಾರದಲ್ಲಿ ಸಿಂಹಾಸನ ಏರಿದ. ಸಾಯುವಾಗ ರಾಜನ ಮನಸ್ಸು ಬದಲಾಗಿತ್ತು ಎಂದು ಒಬ್ಬ ಸಾಕ್ಷಿ ಹೇಳಿದ. ಆಣೆ ಮಾಡಿದವರೆಲ್ಲ ಹೊಸ ರಾಜನಿಗೆ ತಲೆ ಬಾಗಿಸಿದರು. ಆಮೇಲೆ ಹದಿನೆಂಟು ವರ್ಷ ಆ ನಾಡು ಉರಿಯಿತು!

ಮಾಸ್ತರರು ಅದನ್ನು 'ವಚನಭಂಗ' ಎಂಬ ದೊಡ್ಡಾಟ ಮಾಡಿದರು. ಲಂಡನ್ ಲಂಡನಪುರವಾಯಿತು, ಸ್ಟೀಫನ್ ಸ್ತೀಫನರಾಯನಾದ. ಅವರೇ ಹೆನ್ರಿ. ಗಂಡಸರೇ ಸೀರೆ ಉಟ್ಟು ಕುಣಿಯುತ್ತಿದ್ದ ಮೇಳದಲ್ಲಿ ಮಗಳು ಸುರೇಖಾಳಿಗೆ ಮಟಿಲ್ಡಾಳ ವೇಷ ಕಟ್ಟಿದರು. ಸ್ತೀಫನರಾಯ, ಅಕ್ಕನ ಮಗ ಕಾಂತು. ಇಂಡಿ ಊರಿನಲ್ಲಿ ಆಟವಾದಾಗ ಮುದುಕನೊಬ್ಬ ನಡುವೆಯೇ ಎದ್ದು ನಿಂತು, "ಅಲ್ರೋ, ಅತ್ತಿ ಮಗ, ಮಾವನ ಮಗಳು! ಇಬ್ರಿಗೂ ಲಗ್ನಾ ಮಾಡಿ ಮುಗಸೂದು ಬಿಟ್ಟು ದಂಡು ಯಾಕ ಕಟ್ಟಾಕತ್ತೀರಿ?" ಎಂದು ಕೂಗಿದ್ದ. ಜನವೆಲ್ಲ ನಕ್ಕಿತ್ತು. ಕಾಂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಸುರೇಖಾ ನಕ್ಕಿರಲಿಲ್ಲ. ಏಕೆಂದರೆ ಲಗಮವ್ವ ಅದರ ಹಿಂದಿನ ವರ್ಷವೇ ಅವಳನ್ನು ಕಾಂತುವಿಗೆ ಕೇಳಿದ್ದಳು. ಸುರೇಖಾ ಒಲ್ಲೆ ಎಂದು, ಮುದ್ದೇಬಿಹಾಳದ ಬಸ್ ಡ್ರೈವರ್ ಮಾಳಿಂಗರಾಯನನ್ನು ಮದುವೆಯಾಗಿದ್ದಳು. ಆ 'ಒಲ್ಲೆ' ಲಗಮವ್ವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು.

ಮದುವೆಯಾದರೂ ಸುರೇಖಾ ಮೇಳ ಬಿಡಲಿಲ್ಲ. ಪದ, ತಾಳ, ಹೆಜ್ಜೆ, ಎಲ್ಲವೂ ಅಪ್ಪನಷ್ಟೇ ಅವಳಿಗೂ ಬರುತ್ತಿದ್ದವು. ಮಾಸ್ತರರು ಎರಡು ಸಲ ಮೇಳದ ಎಲ್ಲರನ್ನೂ ಬೀರಪ್ಪನ ಗುಡಿಗೆ ಕರೆದೊಯ್ದು, ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ್ದರು: ನನ್ನ ನಂತರ ಮೇಳಕ್ಕೆ ಮಾಸ್ತರ ನನ್ನ ಮಗಳು. ಕಾಂತುವೂ ಮುಟ್ಟಿದ್ದ.

ಈ ಡಿಸೆಂಬರ್ ಒಂದರ ಬೆಳಿಗ್ಗೆ ಎದೆನೋವು ಬಂದು ಮಾಸ್ತರರು ಹೋದರು. ತಾಯಿ ಕಸ್ತೂರೆವ್ವ ಫೋನಿನಲ್ಲಿ, "ಬರಬ್ಯಾಡ ಮಗಳ, ಹೊಟ್ಯಾಗ ಕೂಸೈತಿ, ಹೆಣದ ಮಕಾ ನೋಡಬಾರ್ದು" ಎಂದು ಅತ್ತಳು. ಇಂದು ಬೆಳಿಗ್ಗೆ ಮೇಳದ ಮದ್ದಳೆಗಾರ ಬಂದೇನವಾಜ ಫೋನು ಮಾಡದಿದ್ದರೆ, ಕಿರೀಟ ಕೂರಿಸುವ ಸುದ್ದಿಯೂ ಅವಳಿಗೆ ತಲುಪುತ್ತಿರಲಿಲ್ಲ.

ಈಗ ಅವಳು ಕಂಬಳಿಯ ಅಂಚಿಗೆ ಬಂದು ನಿಂತಳು.

"ಕಾಂತು, ಎದ್ದೇಳು."

ಅತ್ತೆಯ ಮಗನನ್ನು ಯಾವಾಗಲೂ 'ಕಾಂತು ಮಾವ' ಎನ್ನುತ್ತಿದ್ದವಳು. ಬಿಟ್ಟುಹೋದ 'ಮಾವ' ಎಲ್ಲರ ಕಿವಿಗೂ ಬಿತ್ತು.

"ಆಟದಾಗ ನನ್ನ ಕಿರೀಟ ಕಸಗೊಂಡು ಕಸಗೊಂಡು ರೂಢಿ ಆಗೈತೇನು? ಇದು ಆಟಲ್ಲ. ಎದ್ದೇಳು!"

ಕಾಂತುವಿನ ಮುಖ ಕೆಂಪಾಯಿತು. "ಏಳೂದಿಲ್ಲ. ಇಪ್ಪತ್ತು ವರ್ಷ ಈ ಪೆಟಗಿ ಯಾರ ಹೊತ್ತಾರ? ಸಿಂದಗಿ, ಇಂಡಿ, ಇಂಗಳೇಶ್ವರ... ಎಲ್ಲಿ ಆಟಾನೋ ಅಲ್ಲಿ ನನ್ನ ಹೆಗಲು. ನೀ ಗಂಡನ ಮನಿಂದ ಬರ್ತಿದ್ದಿ, ಮಕಕ್ಕ ಬಣ್ಣಾ ಹಚ್ಚತಿದ್ದಿ, ಕುಣೀತಿದ್ದಿ, ಹೋಗತಿದ್ದಿ. ನಾ ಏನ ಮ್ಯಾಳದ ಎತ್ತೇನು?"

"ಭಂಡಾರ ಮುಟ್ಟುವಾಗ ಈ ಮಾತು ಎಲ್ಲಿ ಇಟ್ಟಿದ್ದಿ? ಆಗ ಹೇಳಬೇಕಾಗಿತ್ತು, ನಮ್ಮಪ್ಪನ ಮಕದ ಮ್ಯಾಲೆ! ಬಾಯಿ ಇರಲಿಲ್ಲೇನು?"

ಲಗಮವ್ವ ಸೆರಗು ಬಿಗಿದು ನಡುವೆ ಬಂದಳು.

"ಆಣಿ ಆಣಿ ಅನಬ್ಯಾಡ. ಆಣಿ ಮಾಡಿಸಿದಾಂವನ ಬಿಡಿಸ್ಯಾನ. ಕಡೀ ಗಳಿಗ್ಯಾಗ ನಾ ಬಾಜೂಕಿದ್ದೆ. ನನ್ನ ತಮ್ಮ ನನ್ನ ಕೈ ಹಿಡದು ಏನಂದ ಗೊತ್ತೇನು? 'ಮನಸು ತಿರುಗಿತು ಎನಗೆ ಕೊನೆಯುಸಿರಿನೊಳು, ಮಗಳಿಗಲ್ಲ ಮುಕುಟ, ಅಳಿಯನಿಗೆ ಸಲ್ಲಲಿ' ಅಂದ. ಬೀರಪ್ಪನ ಆಣಿಗೂ ಹಿಂಗ ಅಂದ!"

ಸುರೇಖಾ ನಕ್ಕಳು. ಆ ನಗೆಯಲ್ಲಿ ಇದ್ದದ್ದು ಬರೀ ಬೆಂಕಿ.

"ಅತ್ತಿ... ಅದು ನಮ್ಮಪ್ಪ ಬರದ ಪದಾ. 'ವಚನಭಂಗ'ದ ನಾಕನೇ ಪ್ರವೇಶ. ಸುಳ್ಳು ಸಾಕ್ಷಿ ಹೇಳೋ ಸರದಾರನ ಬಾಯಿಗೆ ಹಾಕಿದ ಪದಾ! ವರ್ಷಾ ವರ್ಷಾ ಮುಂದ ಕುಂತು ಕೇಳಿ ಬಾಯಿಪಾಠ ಮಾಡೀರಿ. ಎದಿ ಹಿಡಕೊಂಡು ಸಾಯೋ ಮನಶ್ಯಾ ಪದಾ ಕಟ್ಟಿ ಮಾತಾಡತಾನೇನ್ರಿ? ಮುಕುಟ ಅಂದನಂತ! ಮನ್ಯಾಗ ಈ ಕಿರೀಟಕ್ಕ ನಮ್ಮಪ್ಪ ಟೊಪ್ಪಿಗಿ ಅಂತಿದ್ದ. ಟೊಪ್ಪಿಗಿ!"

ಗೋಡೆಯ ಕಡೆಯಿಂದ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಆದರೆ ಲಗಮವ್ವ ಸೋಲುವವಳಲ್ಲ. ಒಳಕೋಣೆಯ ಬಾಗಿಲಿಗೆ ಒರಗಿ ಕುಳಿತಿದ್ದ ಕಸ್ತೂರೆವ್ವನ ಕಡೆ ತಿರುಗಿದಳು.

"ನಾ ಸುಳ್ಳಿ, ಆತು. ನಿನ್ನ ಹಡದಾಕಿನೂ ಸುಳ್ಳೇನು? ಕಸ್ತೂರಿ, ನೀನ ಹೇಳು. ಅಂದ್ನೋ ಇಲ್ಲೋ?"

ಸುರೇಖಾ ತಾಯಿಯನ್ನು ನೋಡಿದಳು. ಹನ್ನೊಂದು ದಿನದಲ್ಲಿ ಕಸ್ತೂರೆವ್ವ ಹನ್ನೊಂದು ವರ್ಷ ಮುದುಕಿಯಾಗಿದ್ದಳು. ಖಾಲಿ ಹಣೆ. ಬರಿದಾದ ಕೈ. ಅವಳು ಮಗಳ ಕಣ್ಣು ನೋಡಲಿಲ್ಲ, ಹೊಟ್ಟೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಕೆಳಗೆ ಮಾಡಿ, ನಿಧಾನವಾಗಿ, ಹೌದು ಎಂಬಂತೆ ಅಲ್ಲಾಡಿಸಿದಳು.

"ಯವ್ವಾ!"

ಆ ಕೂಗಿಗೆ ಅಟ್ಟದ ಮೇಲಿದ್ದ ಪಾರಿವಾಳ ಪಟಪಟ ಹಾರಿತು. ತಂದೆ ಸತ್ತ ಸುದ್ದಿ ಕೇಳಿದಾಗಲೂ ಇಷ್ಟು ಸುಟ್ಟಿರಲಿಲ್ಲ. ಅತ್ತೆ ಸುಳ್ಳು ಹೇಳಬಹುದು, ಅವಳಿಗೆ ಮಗನಿದ್ದಾನೆ. ಮೇಳದವರು ಮಾತು ಮರೆಯಬಹುದು, ಅವರಿಗೆ ನಾಳೆ ಆಟವಿದೆ. ತಾಯಿ ಯಾಕೆ? ಹೆತ್ತವಳು ಯಾಕೆ? ಸಿಟ್ಟು ಕಣ್ಣಿಗೆ ಬಂತು, ಆದರೆ ನೀರಾಗಿ ಇಳಿಯಲಿಲ್ಲ. ಹೊಟ್ಟೆಯೊಳಗೆ ಕೂಸು ಒಮ್ಮೆ ಬಲವಾಗಿ ಒದೆಯಿತು. ಅವಳು ಕಂಬಕ್ಕೆ ಕೈ ಕೊಟ್ಟು ನಿಂತಳು.

"ಆತಲ್ಲ? ಮುಗೀತಲ್ಲ?" ಲಗಮವ್ವ ಎರಡೂ ಕೈಯಲ್ಲಿ ಕಿರೀಟ ಎತ್ತಿ ಮಗನ ತಲೆಯ ಮೇಲಿಟ್ಟಳು.

ಕಿರೀಟ ಕೂರಲಿಲ್ಲ.

ನೆತ್ತಿಯ ಮೇಲೆ, ಮಡಕೆಯ ಮೇಲೆ ಇಟ್ಟ ಸಣ್ಣ ಮುಚ್ಚಳದಂತೆ ನಿಂತಿತು. ಕಾಂತು ಒತ್ತಿದ. ಎಡಕ್ಕೆ ವಾಲಿತು. ಲಗಮವ್ವ ಬಲಕ್ಕೆ ತಿರುಗಿಸಿ ಒತ್ತಿದಳು. ಹಣೆಗೆ ಗೀರು ಬಿತ್ತೇ ಹೊರತು ಒಂದು ಬೆರಳೂ ಕೆಳಗಿಳಿಯಲಿಲ್ಲ. ಹೋದ ದೀಪಾವಳಿಯ ಆಟದಲ್ಲಿ ಇದೇ ಕಿರೀಟವನ್ನು ಇದೇ ಕಾಂತು ಸರಾಗವಾಗಿ ತೊಟ್ಟಿದ್ದ!

"ಒಳಗ ಏನೋ ಹೊಲದಾರ," ಎಂದು ಲಗಮವ್ವ ಬಗ್ಗಿ ನೋಡಿದಳು. "ಮಖಮಲ್ಲಿನ ಅಸ್ತರ. ಏ ಬಂದೇನವಾಜ, ನೀ ಟೇಲರ್ ಅಲ್ಲೇನ? ಕತ್ತರಿ ತಗೊ, ಇದನ್ನ ಬಿಚ್ಚು."

ಬಂದೇನವಾಜ ಎದ್ದು ನಿಂತ. ಅರವತ್ತು ದಾಟಿದವನು, ಊರಿಗೆ ಬಟ್ಟೆ ಹೊಲಿಯುವವನು, ಮೇಳಕ್ಕೆ ಮದ್ದಳೆ ಬಾರಿಸುವವನು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು.

"ಬಿಚ್ಚೂದಿಲ್ಲವ್ವ. ಹೊಲದಾಂವ ನಾನ."

"ಯಾವಾಗ ಹೊಲದಿ?"

"ಮಾಸ್ತರ ಹೋಗೂ ಹಿಂದಿನ ದಿನಾ, ಮಧ್ಯಾಹ್ನ. ತಾವ ಅಂಗಡಿಗೆ ತಂದ್ರು. 'ಸುರೇಖಾ ಹಡದು ಎದ್ದ ಮ್ಯಾಲೆ ಇದು ಆಕಿ ತಲೀ ಮ್ಯಾಲೆ ಕುಂದರಬೇಕು, ಅಲ್ಲಾಡಬಾರದು, ಹೊಲಿ' ಅಂದ್ರು. ಅಳತಿ ಇಂಚಿನಾಗ ಕೇಳಿದೆ. ಬೈದ್ರು. 'ಸಾಲಿ ಕಲಸಿದಾಂವಗ ಇಂಚು ಕೇಳ್ತಿ? ಐವತ್ನಾಕ ಸೆಂಟಿಮೀಟರ್ ಬರಕೋ' ಅಂದ್ರು." ಅವನು ಟೇಪನ್ನು ಕಿರೀಟದ ಒಳಗೆ ಸುತ್ತಿಸಿದ. ಆಮೇಲೆ ಸುರೇಖಾಳ ಹತ್ತಿರ ಬಂದು, "ತಂಗೆವ್ವ, ಒಂಚೂರು ಬಗ್ಗು" ಎಂದು ಅವಳ ಹಣೆಯ ಸುತ್ತ ಹಿಡಿದ. ಎರಡೂ ಕಡೆ ಅವನ ಹೆಬ್ಬೆರಳಿನ ಉಗುರು ಒಂದೇ ಗೆರೆಯ ಮೇಲೆ ನಿಂತಿತ್ತು. "ಮರುದಿನಾ ಮುಂಜಾನೆ ಹೋಗಿಬಿಟ್ರು. ತಾರೀಖು ಸುದ್ದಾ ಹೆನ್ರಿ ರಾಜಾಂದ ತಗೊಂಡ್ರು... ಮಧ್ಯಾಹ್ನ ಮಗಳ ತಲಿ ಅಳತಿ ಕೊಟ್ಟಾಂವಾ, ಮುಂಜಾನಿಗೆ ಮನಸ್ಸು ಬದಲಿಸ್ಯಾನಂತ! ನಾ ಭಂಡಾರ ಮುಟ್ಟಿದಾಂವ ಅದೇನಿ ಲಗಮವ್ವ. ಮಾತು ತಪ್ಪಿದರ ನನಗೂ ಹತ್ತತೈತಿ."

ಆಗ ಒಳಕೋಣೆಯ ಬಾಗಿಲಿನಿಂದ ಒಂದು ಸದ್ದು ಬಂತು. ಅಳುವಲ್ಲ, ಬಾವಿಯ ತಳದಿಂದ ಕೊಡ ಎಳೆದಂಥ ಸದ್ದು.

"ನಾನ ಸುಳ್ಳ ಹೇಳೇನಿ," ಎಂದಳು ಕಸ್ತೂರೆವ್ವ. "ಅಂವ ಏನೂ ಅನಲಿಲ್ಲ. ನೀರು ಕೇಳಿದ. ತರೂದ್ರಾಗ ಹೋದ."

"ಯಾಕ ಯವ್ವಾ? ಯಾಕ?"

"ಯಾಕ ಅಂತ ಕೇಳ್ತಿ? ಆ ಸುಡಗಾಡ ಟೊಪ್ಪಿಗಿ ನನ್ನ ಮಗನ್ನ ತಿಂತು! ಪೆಟಗಿ ತೇಲಿ ಬಂತು, ನನ್ನ ಕೂಸು ಬರಲಿಲ್ಲ! ಇಂಡ್ಯಾಗ ಕುಣದು ಬಂದಿ, ಐದು ತಿಂಗಳಿಂದು ಹೋತು. ಸಿಂದಗ್ಯಾಗ ಕುಣದು ಬಂದಿ, ಮತ್ತ ಐದು ತಿಂಗಳಿಂದು ಹೋತು. ಎರಡೂ ಸಲಾ ರಕ್ತದ ಸೀರಿ ತೊಳದಾಕಿ ನಾನು. ಡಾಕ್ಟರು ಏನರ ಅನಲಿ, ನನಗ ಗೊತ್ತೈತಿ. ಅದು ಕಾಂತೂನ ತಲೀಗೆ ಹೋದ್ರ ನಿನ್ನ ಹೊಟ್ಟಿ ಉಳೀತೈತಿ ಅಂತ ಗೋಣು ಹಾಕಿದೆ. ನನ್ನ ಕೊಂದು ಹಾಕು... ಆದ್ರ ಆ ಟೊಪ್ಪಿಗಿ ಬ್ಯಾಡ ಮಗಳ! ಬ್ಯಾಡ!"

ಸುರೇಖಾಳ ಸಿಟ್ಟು ಇಳಿಯಲಿಲ್ಲ. ಪ್ರೀತಿಯಿಂದ ಮಾಡಿದ ಮೋಸ ಎಂದು ತಿಳಿದರೆ ಮೋಸ ಹಗುರಾಗುತ್ತದೆಯೇ? ಇನ್ನಷ್ಟು ಭಾರವಾಯಿತು. ಹೊಡೆಯಲು ಎದುರಿಗೆ ಯಾರೂ ಇಲ್ಲದಂತಾಯಿತು.

ಕಾಂತು ಕುರ್ಚಿಯಿಂದ ಎದ್ದಿದ್ದ. ಕಿರೀಟ ಅವನ ಕೈಯಲ್ಲಿತ್ತು. "ಸುರೇಖಾ, ಸಿಟ್ಟಾಗಬ್ಯಾಡ," ಎಂದ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. "ಆಟದ ಕಡೀ ಪ್ರವೇಶದಂಗ ಮಾಡೂಣು. ಸ್ತೀಫನರಾಯ ಇರೂತನಾ ಅವನದು. ಆಮ್ಯಾಲೆ ಮಟಿಲ್ಡಾನ ಮಗಂದು. ನಾ ಇರೂತನಾ ನಾ ಮಾಸ್ತರ. ಆಮ್ಯಾಲೆ ನಿನ್ನ ಮಗಗ. ಎಲ್ಲಾರ ಮುಂದ ಭಂಡಾರ ಮುಟ್ಟತೇನಿ."

ಮೇಳದವರು ಮೊದಲ ಬಾರಿಗೆ ತಲೆ ಎತ್ತಿದರು. "ಹೌದ್ರಿ, ಇದು ಪಾಡ ಮಾತು," ಎಂದ ಒಬ್ಬ. "ಇಬ್ಬರದೂ ಮರ್ಯಾದಿ ಉಳೀತೈತಿ," ಎಂದ ಇನ್ನೊಬ್ಬ.

"ಹೆಣ್ಣಾದರ?" ಎಂದಳು ಸುರೇಖಾ.

ಎತ್ತಿದ ತಲೆಗಳು ಮತ್ತೆ ಕಾಲಿನ ಹೆಬ್ಬೆರಳಿನ ಕಡೆ ಬಾಗಿದವು.

"ಕೇಳಾಕತ್ತೇನಿ. ಹುಟ್ಟೂದು ಹೆಣ್ಣಾದರ? ಅದಕ್ಕ ಪದಾ ಇಲ್ಲ, ಹೌದಲ್ಲ? ಮತ್ತ ಭಂಡಾರ ಮುಟ್ಟತಾನಂತ! ಎರಡು ಸಲಾ ಮುಟ್ಟಿದ ಕೈ ಐತಿ ಅದು. ಇನ್ನೆಷ್ಟು ಸಲಾ ಹಳದಿ ಮಾಡ್ತಿ?" ಅವಳು ಬಂದೇನವಾಜನ ಅಂಗಿಯ ಕಿಸೆಯಿಂದ ಸಣ್ಣ ಕತ್ತರಿ ತೆಗೆದು ಕಾಂತುವಿನ ಮುಂದೆ ಹಿಡಿದಳು. "ನಿನಗ ಕಿರೀಟ ಬೇಕು. ತಗೊ. ನಾ ಕಸಗೊಳ್ಳೂದಿಲ್ಲ. ಈ ಹನ್ನೊಂದು ಮಂದಿ ನಡುವ ಮಾಸ್ತರಾಗಿ ನಾ ಯಾರಿಗೆ ಹೆಜ್ಜಿ ಕಲಸಲಿ? ಆದ್ರ ಅದು ನಿನ್ನ ತಲೀಗೆ ಕುಂದರಬೇಕಂದ್ರ ನನ್ನ ಅಳತಿ ಹರೀಬೇಕು. ನಿಮ್ಮವ್ವ ಹರೀಬಾರದು, ಟೇಲರ್ ಹರೀಬಾರದು. ನೀನ ಹರಿ. ನಿನ್ನ ಮಾವ ಅಳತಿ ಕೊಟ್ಟು ಹೊಲಿಸಿದ್ದನ್ನ ನಿನ್ನ ಕೈಯಿಂದ, ಇವರ ಕಣ್ಣ ಮುಂದ ಹರಿ!"

ಕಾಂತು ಕತ್ತರಿಯನ್ನು ನೋಡಿದ. ಕಿರೀಟವನ್ನು ನೋಡಿದ. ತಾಯಿಯನ್ನು ನೋಡಿದ. ಅವನು ಆಗ ಕಿರೀಟವನ್ನು ಕೆಳಗಿಟ್ಟಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಅವನ ಕಣ್ಣಲ್ಲಿ ನೀರು ತುಂಬಿತ್ತು... ಆದರೂ ಇಪ್ಪತ್ತು ವರ್ಷ ಪೆಟ್ಟಿಗೆ ಹೊತ್ತ ಹೆಗಲು ಅವನೊಳಗೆ ಏನು ಹೇಳಿತೋ, ಅವನು ಕತ್ತರಿ ತೆಗೆದುಕೊಂಡ. ಚರ್... ಚರ್... ಒಂದೊಂದೇ ಹೊಲಿಗೆ. ಮಖಮಲ್ಲಿನ ಪಟ್ಟಿ ಕಳಚಿ ಕಂಬಳಿಯ ಮೇಲೆ ಬಿತ್ತು. ಒಳಗಿನ ಅರಳೆ ಅಲ್ಲಲ್ಲಿ ಇಣುಕುತ್ತಿತ್ತು.

ಸುರೇಖಾ ಕಷ್ಟಪಟ್ಟು ಬಗ್ಗಿ ಅದನ್ನು ಎತ್ತಿಕೊಂಡಳು. ಸುತ್ತಿ ಮುಷ್ಟಿಯಲ್ಲಿ ಹಿಡಿದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಮದ್ದಳೆ ಎತ್ತುವ ಸದ್ದಾಯಿತು. ಬಂದೇನವಾಜ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದಿದ್ದ. ಅವನ ಹಿಂದೆ ಇನ್ನೊಂದು ಹೆಜ್ಜೆ.

"ಕಸ್ತೂರೀ!" ಲಗಮವ್ವ ಚೀರಿದಳು. "ಗಂಡ ಸತ್ತು ಇನ್ನೂ ತಿಂಗಳಾಗಿಲ್ಲ, ಹೊಸ್ತಲಾ ದಾಟತಿ? ಮಂದಿ ಏನಂದಾರು?"

"ಮಂದಿ ಮಾತು ಕೇಳಿ ಮಗಳನ್ನ ಅಪ್ಪನ ಮಣ್ಣಿಗೆ ಬರಗೊಡಲಿಲ್ಲ ಯಕ್ಕಾ," ಎಂದಳು ಕಸ್ತೂರೆವ್ವ. "ಸಾಕಾತು."

ನಿಡಗುಂದಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟುವವರೆಗೆ ತಾಯಿ-ಮಗಳು ಒಂದೇ ಸೀಟಿನಲ್ಲಿ ಕುಳಿತಿದ್ದರು. ಮುಂದಿನ ನಾಲ್ಕು ವಾರ ತಾಯಿ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಮಗಳು ತಿನ್ನುತ್ತಿದ್ದಳು. ಕ್ಷಮೆ ಎಂಬ ಶಬ್ದ ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಆದರೆ ಒಂದು ಮಧ್ಯಾಹ್ನ ಸುರೇಖಾ ನಿದ್ದೆಯಿಂದ ಎದ್ದು ನೋಡಿದಾಗ, ಕಸ್ತೂರೆವ್ವ ಬಾಗಿಲ ಬೆಳಕಿಗೆ ಕುಳಿತು, ಆ ಹರಿದ ಅಸ್ತರವನ್ನು ತೊಡೆಯ ಮೇಲೆ ಹಾಸಿ, ಇಣುಕಿದ ಅರಳೆಯನ್ನು ಬೆರಳಿನಿಂದ ಒಳಗೆ ಒತ್ತಿ ಒತ್ತಿ ಹೊಲಿಯುತ್ತಿದ್ದಳು. ಸುರೇಖಾ ಕಣ್ಣು ಮುಚ್ಚಿ, ಇನ್ನೂ ನಿದ್ದೆಯಲ್ಲಿರುವವಳಂತೆ ಮಲಗಿದಳು.

ಜನವರಿ ಒಂಬತ್ತರ ಮಂಗಳವಾರ, ಬೆಳಿಗ್ಗೆ ಹತ್ತೂ ಕಾಲಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಮಾಳಿಂಗರಾಯ ಡ್ಯೂಟಿಯ ಖಾಕಿಯಲ್ಲೇ ಬಾಗಿಲಲ್ಲಿ ನಿಂತು ಅಳುತ್ತ ನಗುತ್ತಿದ್ದ. ನರ್ಸ್ ಅಫ್ರೀನ ಕೂಸನ್ನು ತಕ್ಕಡಿಗೆ ಹಾಕಿದಳು, ಉದ್ದ ಅಳೆದಳು, ಆಮೇಲೆ ಕಾಗದದ ಟೇಪನ್ನು ಕೂಸಿನ ತಲೆಯ ಸುತ್ತ ತಂದಳು. ಮೂಲೆಯಲ್ಲಿ ನಿಂತಿದ್ದ ಕಸ್ತೂರೆವ್ವ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಕೈಯಲ್ಲಿ, ತಾನು ಮತ್ತೆ ಹೊಲಿದ ಮಖಮಲ್ಲಿನ ಪಟ್ಟಿ ಇತ್ತು.

"ಯವ್ವಾ, ತಲಿ ಅಳತಿ ಎಷ್ಟ ಬಂತವ್ವ?"

"ಎಲ್ಲಾರೂ ತೂಕಾ ಕೇಳ್ತಾರ ಅಜ್ಜಿ, ನೀವು ತಲಿ ಕೇಳ್ತೀರಲ್ಲ!" ಅಫ್ರೀನ ನಕ್ಕಳು.

"ನಮ್ಮ ಮನ್ಯಾಗ ಅದನ್ನ ಕೇಳ್ತಾರ," ಎಂದಳು ಮಂಚದ ಮೇಲಿಂದ ಸುರೇಖಾ. ತಾಯಿಯ ಕಡೆ ಕೈ ಚಾಚಿದ್ದಳು. "ಜೋರಾಗಿ ಹೇಳ್ರಿ ಸಿಸ್ಟರ್. ನಮ್ಮವ್ವಗ ಕೇಳಲಿ."

ಅಫ್ರೀನ ಟೇಪನ್ನು ಇನ್ನೊಮ್ಮೆ ನೋಡಿ, ಕಾರ್ಡಿನಲ್ಲಿ ಬರೆಯುತ್ತ ಓದಿದಳು:

"ತಲೆಯ ಸುತ್ತಳತೆ, ಮೂವತ್ತನಾಲ್ಕು ಸೆಂಟಿಮೀಟರ್."